ಏಳು ದಿನದ ಕಡಲೂರು, ಮೂರು ದಿನದ ಮುಂಬೈ

ರಜೆಗೆ ಎಲ್ಲಿಗೆ ಹೋಗೋಣ ಎಂಬ ಚರ್ಚೆ ನಮ್ಮ ಮನೆಯಲ್ಲಿ ಪ್ರತಿ ವರ್ಷ ಎರಡು ಹೆಸರಿಗೆ ಬಂದು ನಿಲ್ಲುತ್ತದೆ: ಹೊನ್ನಾವರದ ಪಕ್ಕದ ಕಡಲೂರಾದ ಕಾಸರಕೋಡು, ಇಲ್ಲವೇ ಮುಂಬೈ. ಹುಬ್ಬಳ್ಳಿಯಲ್ಲಿರುವ ನಮಗೆ ಎರಡೂ ಗೊತ್ತಿರುವ ದಾರಿಯೇ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ ಕರಾವಳಿ. ದಾದರ್ ಗಾಡಿ ಹತ್ತಿ ಮಲಗಿದರೆ ಮಾರನೆಯ ಬೆಳಗ್ಗೆ ಮುಂಬೈ. ಎರಡೂ ಕಡೆಯ ಖರ್ಚನ್ನು ಒಂದೇ ಪುಸ್ತಕದಲ್ಲಿ ಬರೆದಿಡುತ್ತ ಬಂದ ಮೇಲೆ ನನಗೊಂದು ಮಾತು ಖಚಿತವಾಗಿದೆ. ‘ಯಾವ ಊರು ಅಗ್ಗ?’ ಎಂದು ಶುರುಮಾಡಿದರೆ ಲೆಕ್ಕ ದಾರಿ ತಪ್ಪುತ್ತದೆ. ‘ರಜೆ ಎಷ್ಟು ದಿನ, ಜೊತೆಗೆ ಯಾರ್ಯಾರು?’ ಎಂದು ಶುರುಮಾಡಬೇಕು.

ಪ್ರವಾಸದ ಖರ್ಚಿಗೆ ಎರಡು ಪಾಲು. ಒಂದು, ಹೋಗಿಬರುವ ಖರ್ಚು. ಒಂದು ದಿನ ಇದ್ದರೂ ವಾರವಿದ್ದರೂ ಅದು ಅಷ್ಟೇ. ಇನ್ನೊಂದು, ಅಲ್ಲಿ ಉಳಿಯುವ ಖರ್ಚು. ಅದು ದಿನ ಕಳೆದಂತೆ ಏರುತ್ತ ಹೋಗುತ್ತದೆ. ನಾವಿಬ್ಬರು, ಮಗಳು, ಮಗ, ಅತ್ತೆಯವರು ಸೇರಿ ಐದು ಜನರಿಗೆ ನಾನು ಹಾಕುವ ಅಂದಾಜು ಹೀಗಿದೆ. ಕಾಸರಕೋಡಿನಲ್ಲಿ ಹೋಮ್‌ಸ್ಟೇಯ ಎರಡು ಕೋಣೆಗೆ 3,000 ರೂಪಾಯಿ, ಊಟ ತಿಂಡಿಗೆ 1,200, ಆಟೊ, ಎಳನೀರು ಮೊದಲಾದ ಸಣ್ಣಪುಟ್ಟದ್ದಕ್ಕೆ 800. ಒಟ್ಟು ದಿನಕ್ಕೆ 5,000. ಮುಂಬೈಯ ದಾದರ್, ಮಾಟುಂಗಾ ಕಡೆ ಸಾಧಾರಣ ಹೋಟೆಲಿನಲ್ಲಿ ಎರಡು ಕೋಣೆಗೆ 6,000, ಊಟ ತಿಂಡಿಗೆ 2,500, ಓಡಾಟ ಮತ್ತು ಪ್ರವೇಶ ಟಿಕೆಟ್‌ಗೆ 1,500. ಒಟ್ಟು ದಿನಕ್ಕೆ 10,000.

ಹೋಗಿಬರುವ ಖರ್ಚಿನಲ್ಲಿ ಅಂತರ ಇನ್ನೂ ದೊಡ್ಡದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ನನಗೆ, ಮಗಳಿಗೆ, ಅತ್ತೆಯವರಿಗೆ ಟಿಕೆಟ್ ದುಡ್ಡಿಲ್ಲ. ಯಜಮಾನರಿಗೆ ಒಂದು ಟಿಕೆಟ್, ಮಗನಿಗೆ ಅರ್ಧ ಟಿಕೆಟ್. ಆಟೊ, ದಾರಿಯ ಚಹಾ ಸೇರಿಸಿ 2,500 ಇಟ್ಟರೆ ಧಾರಾಳವಾಯಿತು. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಈ ಸೌಲಭ್ಯವಿಲ್ಲ, ರಾಜ್ಯದ ಗಡಿ ದಾಟಿದರೂ ಇಲ್ಲ. ಮುಂಬೈಗೆ ಐವರ ರೈಲು ಟಿಕೆಟ್, ನಿಲ್ದಾಣದ ಟ್ಯಾಕ್ಸಿ ಎಲ್ಲ ಸೇರಿ ನಾನು 10,000 ಎತ್ತಿಡುತ್ತೇನೆ.

ಈಗ 40,000 ರೂಪಾಯಿ ಕೈಯಲ್ಲಿದೆ ಎಂದುಕೊಳ್ಳಿ. ಮುಂಬೈಯಲ್ಲಿ ಮೂರು ದಿನಕ್ಕೆ ಅದು ಸರಿಹೋಗುತ್ತದೆ. ಕಾಸರಕೋಡಿನಲ್ಲಿ ಏಳು ದಿನ ಇದ್ದು ಬಂದರೂ 2,500 ಉಳಿಯುತ್ತದೆ. ಆದರೆ ಸಿಕ್ಕಿರುವುದೇ ಮೂರು ದಿನದ ರಜೆ ಎಂದಾದರೆ ಪ್ರಶ್ನೆ ಬದಲಾಗುತ್ತದೆ: ಅದೇ ಮೂರು ದಿನವನ್ನು ಕಡಲೂರಿನಲ್ಲಿ 17,500ಕ್ಕೆ ಕಳೆಯಬಹುದು. ಮಿಕ್ಕ 22,500 ಕೊಟ್ಟು ಮುಂಬೈಯಿಂದ ನಾವು ಕೊಳ್ಳುವುದೇನು? ಅದಕ್ಕೆ ಮನೆಯವರ ಬಳಿ ಸ್ಪಷ್ಟ ಉತ್ತರವಿದ್ದರೆ ಹೋಗಬೇಕು. ಇಲ್ಲದಿದ್ದರೆ ಆ ಹಣ ಕೈಬಿಟ್ಟು ಹೋದದ್ದೇ ತಿಳಿಯುವುದಿಲ್ಲ.

ನಗರದಲ್ಲಿ ಹಣ ಕರಗುವುದು ನೋಡುವ ಜಾಗಗಳಲ್ಲಲ್ಲ, ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವ ನಡುವೆ. ಲೋಕಲ್ ರೈಲಿನ ಕನಿಷ್ಠ ಟಿಕೆಟ್ 5 ರೂಪಾಯಿ, ಬೆಸ್ಟ್ ಬಸ್ಸಿನದು 2025ರಲ್ಲಿ ಏರಿದ ಮೇಲೂ 10 ರೂಪಾಯಿ. ಇವುಗಳಲ್ಲೇ ಓಡಾಡಿದರೆ ಮುಂಬೈ ಸೋವಿ ಊರು. ಆದರೆ ಮಂಡಿನೋವಿನ ಅತ್ತೆಯವರು ದಾದರ್ ನಿಲ್ದಾಣದ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದಾಗ ಆ 5 ರೂಪಾಯಿಯ ಟಿಕೆಟ್ ಉಪಯೋಗಕ್ಕೆ ಬರುವುದಿಲ್ಲ. ಟ್ಯಾಕ್ಸಿ ಹಿಡಿಯಲೇಬೇಕು, ಐದು ಜನಕ್ಕೆ ಒಂದು ಟ್ಯಾಕ್ಸಿ ಸಾಲುವುದೂ ಇಲ್ಲ. ಒಮ್ಮೆ ಹೋದಾಗ ಎರಡನೆಯ ದಿನ ಅತ್ತೆಯವರು, ‘ನೀವು ಹೋಗಿ ಬರ್ರಿ, ನಾ ಇಲ್ಲೇ ಇರತೇನಿ’ ಎಂದು ಕೋಣೆಯಲ್ಲೇ ಉಳಿದರು. ಹಿರಿಯರೊಬ್ಬರು ನಾಲ್ಕು ಗೋಡೆಗಳ ನಡುವೆ ಕೂತು ಕಳೆಯುವ ದಿನಕ್ಕೂ ನಾವು ನಗರದ ದರವನ್ನೇ ಕಟ್ಟುತ್ತಿರುತ್ತೇವೆ.

ಇನ್ನೊಂದು ಖರ್ಚು ಟಿಕೆಟ್ ಕಾಯ್ದಿರಿಸುವಾಗಲೇ ಕಾಣಬೇಕಾದದ್ದು. ರಾತ್ರಿಯ ಗಾಡಿ ನಸುಕಿನಲ್ಲಿ ತಲುಪಿಸುತ್ತದೆ, ಹೋಟೆಲಿನ ಕೋಣೆ ಸಿಗುವುದು ಮಧ್ಯಾಹ್ನ. ಮಕ್ಕಳು, ಮುದುಕರನ್ನು ಕಟ್ಟಿಕೊಂಡು ಆರೇಳು ಗಂಟೆ ಎಲ್ಲಿ ಕೂರುವುದು? ನಾವು ಇಳಿದುಕೊಂಡ ಒಂದು ಹೋಟೆಲಿನಲ್ಲಿ ಬೆಳಗ್ಗೆಯೇ ಒಳಬಿಡಲು ಅರ್ಧ ದಿನದ ಬಾಡಿಗೆ ಹೆಚ್ಚುವರಿ ಕೇಳಿದರು. ಕೋಣೆ ಗೊತ್ತುಮಾಡುವ ಮೊದಲೇ ಫೋನ್ ಮಾಡಿ ಈ ಮಾತು ಬಗೆಹರಿಸಿಕೊಳ್ಳಿ. ವಾರವನ್ನೂ ನೋಡಿಕೊಳ್ಳಿ. ಸೋಮವಾರ ಎಲಿಫೆಂಟಾ ಗುಹೆಗಳು ಮುಚ್ಚಿರುತ್ತವೆ. 10,000 ರೂಪಾಯಿಯ ದಿನವನ್ನು ಮುಚ್ಚಿದ ಬಾಗಿಲಿನ ಮುಂದೆ ಕಳೆಯಬಾರದು.

ಇಷ್ಟಾದರೂ ಮುಂಬೈ ಬೇಡ ಎನ್ನಲಾರೆ. 1922ರಲ್ಲಿ ತೆರೆದ, ಈಗ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ಎನ್ನಿಸಿಕೊಳ್ಳುವ ಮ್ಯೂಸಿಯಂ, ವರಳಿಯ ನೆಹರೂ ತಾರಾಲಯ, ಗೇಟ್‌ವೇಯಿಂದ ಹೊರಡುವ ದೋಣಿ ಇವನ್ನೆಲ್ಲ ಯಾವ ಹಳ್ಳಿಯೂ ಕೊಡಲಾರದು. ತಾರಾಲಯದಿಂದ ಹೊರಬಂದ ಮಗಳು ಊರಿಗೆ ಮರಳಿದ ಮೇಲೂ ತಿಂಗಳುಗಟ್ಟಲೆ ಗ್ರಹಗಳ ಪುಸ್ತಕ ಹುಡುಕಿದಳು. ಮಾಟುಂಗಾದ ಉಡುಪಿ ಹೋಟೆಲುಗಳಿಂದಾಗಿ ನಮ್ಮ ರುಚಿಯ ಊಟವೂ ಹದವಾದ ದರದಲ್ಲಿ ಸಿಗುತ್ತದೆ. ನೋಡಬೇಕಾದ್ದನ್ನು ಮೊದಲೇ ಪಟ್ಟಿ ಮಾಡಿಕೊಂಡು, ಮಕ್ಕಳು ತಿಳಿಯುವ ವಯಸ್ಸಿಗೆ ಬಂದಾಗ ಮೂರು ದಿನಕ್ಕೆ ಹೋದರೆ ಕೊಟ್ಟ ಪ್ರತಿ ರೂಪಾಯಿಗೂ ಬೆಲೆಯಿದೆ.

ಕಡಲೂರಿನ ಲೆಕ್ಕವೇ ಬೇರೆ. ಅಲ್ಲಿ ಮಕ್ಕಳ ಆಸೆ ಹೆಚ್ಚಿದರೂ ಬಿಲ್ಲು ಹೆಚ್ಚುವುದಿಲ್ಲ. ಬೆಳಗ್ಗೆ ದಂಡೆಯಲ್ಲಿ ಕೈರಂಪಣಿ ಬಲೆ ಎಳೆಯುವ ಹೊತ್ತಿಗೆ ನಮ್ಮಿಬ್ಬರು ಮಕ್ಕಳೂ ಹಗ್ಗಕ್ಕೆ ಕೈ ಹಾಕುತ್ತಾರೆ. ಬಲೆ ದಡ ಮುಟ್ಟಿದಾಗ ಪಟಪಟ ಹಾರುವ ತಾರ್ಲೆ, ನಡುವೆ ಸಿಕ್ಕಿದ ಏಡಿ, ಅದನ್ನು ಕೈಗೆ ಕಚ್ಚದಂತೆ ಹಿಡಿಯುವ ಬಗೆ ಎಲ್ಲವನ್ನೂ ಮೀನುಗಾರರೇ ಹೇಳಿಕೊಡುತ್ತಾರೆ. ಟಿಕೆಟ್ ಇಲ್ಲ, ಸರದಿ ಇಲ್ಲ. ಹೋಮ್‌ಸ್ಟೇಯ ಒಡತಿ ರಾತ್ರಿ ಊಟ ಬಡಿಸುತ್ತಲೇ, ‘ನಾಳೆಗೆ ಬಂಗ್ಡೆ ಸಾಕಾ ಅಕ್ಕ, ಶೆಟ್ಲಿ ಬೇಕಾ?’ ಎಂದು ಕೇಳುತ್ತಾರೆ. ನಾಳಿನ ಖರ್ಚು ಇವತ್ತೇ ಗೊತ್ತಾಗುತ್ತದೆ. ಅತ್ತೆಯವರು ಜಗಲಿಯಲ್ಲಿ ಕೂತು ಆ ಒಡತಿಯ ಜೊತೆ ಹೂ ಕಟ್ಟುತ್ತ ಮಾತಿಗಿಳಿದರೆ ಮಧ್ಯಾಹ್ನ ಕಳೆದದ್ದೇ ತಿಳಿಯುವುದಿಲ್ಲ. ಅವರ ಪಾಲಿನ ರಜೆಯೂ ಪೂರ್ತಿ ಸಿಗುತ್ತದೆ. ಕಾಸರಕೋಡು ಬೀಚಿಗೆ 2020ರಲ್ಲಿ ಪಡುಬಿದ್ರಿಯ ಜೊತೆ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂತು. ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು ಇರುವುದರಿಂದ ಹಿರಿಯರನ್ನೂ ಮಕ್ಕಳನ್ನೂ ಧೈರ್ಯವಾಗಿ ಕರೆದೊಯ್ಯಬಹುದು.

ಈ ಲೆಕ್ಕ ಕೈಕೊಡುವುದು ಎರಡು ಸಂದರ್ಭಗಳಲ್ಲಿ. ಮೊದಲನೆಯದು ಕಾಲ. ಮಳೆಗಾಲದ ಕಡಲು ನೀರಿಗಿಳಿಯಲು ಬಿಡುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಮೀನಿನ ದರವೂ ಏರಿರುತ್ತದೆ. ಮೇ ತಿಂಗಳಲ್ಲಿ ಬೆವರು, ಡಿಸೆಂಬರ್ ಕೊನೆಯ ವಾರದಲ್ಲಿ ದುಪ್ಪಟ್ಟು ಬಾಡಿಗೆ. ಮಕ್ಕಳ ದಸರಾ ರಜೆಯೇ ಕರಾವಳಿಗೆ ಹದವಾದ ಕಾಲ. ಎರಡನೆಯದು, ದಿನವೂ ಕಾರು ಗೊತ್ತುಮಾಡಿ ಇಡಗುಂಜಿ, ಮುರುಡೇಶ್ವರ, ಗೋಕರ್ಣ ಎಂದು ಸುತ್ತುವ ಅಭ್ಯಾಸ. ಅದಕ್ಕೆ ನೇತ್ರಾಣಿ ದ್ವೀಪದ ಸ್ಕೂಬಾ ಡೈವಿಂಗ್ ಸೇರಿದರೆ ತಲೆಗೆ ಸಾವಿರಗಟ್ಟಲೆ ಖರ್ಚು. ಹೀಗಾದರೆ ಹಳ್ಳಿಯಲ್ಲಿದ್ದುಕೊಂಡೇ ನಗರದ ಬಿಲ್ಲು ಕಟ್ಟಿದಂತಾಗುತ್ತದೆ. ನಾವು ವಾರಕ್ಕೆ ಒಂದೇ ದಿನ ಕಾರು ಮಾಡುತ್ತೇವೆ. ಉಳಿದ ದಿನಗಳಿಗೆ ಹತ್ತಿರದ ಅಪ್ಸರಕೊಂಡ, ಶರಾವತಿ ದಡದ ಕಾಂಡ್ಲಾ ಕಾಡಿನ ಕಾಲುಹಾದಿ ಸಾಕು.

ತೆರಿಗೆಯ ಮಾತು ಚುಟುಕಾಗಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ಕೋಣೆಗೆ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಅದಕ್ಕೂ ಮೇಲಿನ ಕೋಣೆಗೆ ಶೇ 18. ಹಾಗಾಗಿ 7,500ರ ಅಂಚಿನ ಕೋಣೆ ಆರಿಸುವಾಗ ತೆರಿಗೆ ಸೇರಿದ ದರ ಕೇಳಿ. ನೌಕರರಿಗೆ ಸಿಗುವ ರಜಾ ಪ್ರವಾಸ ಭತ್ಯೆಯ (ಎಲ್‌ಟಿಎ) ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ, ಅದೂ ಪ್ರಯಾಣದ ಟಿಕೆಟ್‌ಗಷ್ಟೇ. ಕೋಣೆಗೆ, ಊಟಕ್ಕೆ ಇಲ್ಲ. ಆ ವಿನಾಯಿತಿಗಾಗಿ ದೂರದ ಊರು ಆರಿಸಿದರೆ ಉಳಿಸಿದ್ದಕ್ಕಿಂತ ಖರ್ಚು ಮಾಡಿದ್ದೇ ಹೆಚ್ಚಾಗುತ್ತದೆ.

ಹಣ ಹೊಂದಿಸುವ ವಿಷಯದಲ್ಲಿ ನನ್ನದು ಗಟ್ಟಿ ನಿಲುವು: ರಜೆಗೆ ಸಾಲ ಬೇಡ. 40,000 ರೂಪಾಯಿಗೆ ಶೇ 16ರ ಬಡ್ಡಿಯಲ್ಲಿ ಒಂದು ವರ್ಷದ ಕಂತು ಮಾಡಿಕೊಂಡರೆ ಬಡ್ಡಿಯೇ ಸುಮಾರು 3,550 ರೂಪಾಯಿ. ಕಾಸರಕೋಡಿನ ಒಂದು ರಾತ್ರಿಯ ಕೋಣೆ ಬಾಡಿಗೆಗಿಂತ ಅದು ಹೆಚ್ಚು. ಬದಲಿಗೆ ಬ್ಯಾಂಕಿನಲ್ಲಿ ಒಂದು ವರ್ಷದ ಆರ್‌ಡಿ ತೆರೆದು ತಿಂಗಳಿಗೆ 3,300 ಕಟ್ಟಿ. ಕಟ್ಟಿದ್ದೇ 39,600 ಆಗುತ್ತದೆ, ಮೇಲೆ ಬಡ್ಡಿ ನಿಮಗೇ ಬರುತ್ತದೆ. ದಸರೆಗೆ ಒಂದು ತಿಂಗಳು ಮೊದಲೇ ಶುರುಮಾಡಿದರೆ ಮುಂದಿನ ದಸರೆಯ ಹೊತ್ತಿಗೆ ಕೈಗೆ ಸಿಗುತ್ತದೆ.

ನಮ್ಮ ಮನೆಯ ತೀರ್ಮಾನ ಇದು. ಪ್ರತಿ ವರ್ಷ ಎಲ್ಲರೂ ಸೇರಿ ಕಡಲೂರಿನಲ್ಲಿ ಒಂದು ವಾರ. ಕೆಲವು ವರ್ಷಗಳಿಗೊಮ್ಮೆ, ಬೇರೆಯಾಗಿ ಉಳಿಸಿದ ಹಣದಲ್ಲಿ, ಮಕ್ಕಳಿಗಾಗಿ ನಗರಕ್ಕೆ ಮೂರು ದಿನ. ಹಳ್ಳಿಯಲ್ಲಿ ಕೋಣೆಯನ್ನು ಹೋಮ್‌ಸ್ಟೇಯವರಿಗೇ ಫೋನ್ ಮಾಡಿ ಗೊತ್ತುಮಾಡಿ, ಮುಂಗಡ ಕಳಿಸಿ, ಸಿಗ್ನಲ್ ಕೈಕೊಟ್ಟರೆ ಬೇಕಾಗುವ ನಗದು ಒಯ್ಯಿರಿ. ಮೀನು ಮಾರುವಾಕೆ ಹೇಳಿದ ದರಕ್ಕೆ ಹತ್ತಿಪ್ಪತ್ತು ರೂಪಾಯಿ ಚೌಕಾಸಿ ಮಾಡಬೇಡಿ. ಏಳು ದಿನದ ರಜೆಯನ್ನು ನಮ್ಮ ಕೈಗೆಟುಕುವಂತೆ ಮಾಡಿರುವುದು ಆ ಊರಿನ ಹದವಾದ ದರಗಳೇ. ಅಲ್ಲಿನವರ ದುಡಿಮೆಗೆ ಪೂರ್ತಿ ಬೆಲೆ ಕೊಟ್ಟ ಮೇಲೂ ನಮ್ಮ ಲೆಕ್ಕದಲ್ಲಿ ಹಣ ಉಳಿಯುತ್ತದೆ.