ಸೌಮ್ಯ ಐವಿಎಫ್: ನೆನಪಿಡಬೇಕಾದ ಅಂಶಗಳು

1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಹುಟ್ಟಿದ ಲೂಯಿಸ್ ಬ್ರೌನ್ ಜಗತ್ತಿನ ಮೊದಲ ಪ್ರನಾಳ (ಐವಿಎಫ್) ಶಿಶು. ಅಂಡಾಶಯ ಪ್ರಚೋದಿಸುವ ಔಷಧವಿಲ್ಲದೆ, ಸಹಜ ಋತುಚಕ್ರದ ಒಂದೇ ಅಂಡಾಣುವಿನಿಂದ ಬಂದ ಮಗು ಅದು; ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಇದನ್ನೇ ಮರೆಯುತ್ತಾರೆ. ಅದೇ ವರ್ಷದ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿ ಅವರ ಸಾಧನೆಯಿಂದ ಭಾರತದ ಮೊದಲ ಪ್ರನಾಳ ಶಿಶು ‘ದುರ್ಗಾ’ ಜನನ. ಐವಿಎಫ್ ಅಭಿವೃದ್ಧಿಪಡಿಸಿದ ರಾಬರ್ಟ್ ಎಡ್ವರ್ಡ್ಸ್‌ಗೆ ನೊಬೆಲ್: 2010.

ವಾಡಿಕೆಯ ಐವಿಎಫ್‌ನಲ್ಲಿ ಸುಮಾರು ಹತ್ತು ದಿನ ಹಾರ್ಮೋನ್ ಚುಚ್ಚುಮದ್ದು. ಹರಿಹರದಿಂದ ದಾವಣಗೆರೆಗೆ ಬಸ್ಸಿನಲ್ಲಿ ಆ ಚುಚ್ಚುಮದ್ದಿನ ಐಸ್ ಡಬ್ಬಿಯನ್ನು ಮಡಿಲಲ್ಲಿಟ್ಟು ಓಡಾಡುವ ಹೆಣ್ಣುಮಗಳಿಗೆ ಅದರ ಭಾರ ಗೊತ್ತು. ಸೌಮ್ಯ ವಿಧಾನದಲ್ಲಿ ಲೆಟ್ರೊಜೋಲ್ ಇಲ್ಲವೇ ಕ್ಲೋಮಿಫೀನ್ ಮಾತ್ರೆ, ಬೇಕಾದರೆ ಕಡಿಮೆ ಪ್ರಮಾಣದ ಚುಚ್ಚುಮದ್ದು. ಸಿಗುವ ಅಂಡಾಣು ಕಡಿಮೆ. ಅಂಡಾಶಯ ಊದಿ ಹೊಟ್ಟೆಯಲ್ಲಿ ನೀರು ತುಂಬುವ ಅಪಾಯವೂ ಕಡಿಮೆ.

ಭಾರತದಲ್ಲಿ ಇದಕ್ಕೆ ಅನ್ವಯಿಸುವ ಕಾನೂನು: ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯ್ದೆ, 2021. ಅದರಂತೆ ಚಿಕಿತ್ಸೆಗೆ ವಯೋಮಿತಿ ಮಹಿಳೆಗೆ 21–50, ಪುರುಷನಿಗೆ 21–55.