ಮಾಗಡಿ ಕೆರೆಯ ಅತಿಥಿಗಳು

ಚಳಿಗಾಲದ ಒಂದು ಮುಂಜಾನೆ ವಿದ್ಯಾರ್ಥಿಗಳ ತಂಡವೊಂದು ಗುರುಗಳೊಡನೆ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೊರಟಿತು. ರಾಮ್ಸಾರ್ ಪಟ್ಟಿಗೆ ಸೇರಿದ ಈ ಪಕ್ಷಿತಾಣಕ್ಕೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ.

ದಡ ಸೇರಿದೊಡನೆ ತಂಡದ ನಾಯಕನು ದುರ್ಬೀನನ್ನು ಕಣ್ಣಿಗಿಟ್ಟು, “ಅದೋ, ಧ್ಯಾನಮಗ್ನ ಕೊಕ್ಕರೆ!” ಎಂದು ಪಿಸುಗುಟ್ಟಿದನು. ಎಲ್ಲರೂ ಅರ್ಧ ಗಂಟೆ ಉಸಿರು ಬಿಗಿಹಿಡಿದು ನೋಡಿದರು. ನಿಜವಾದ ಬೆಳ್ಳಕ್ಕಿಯೊಂದು ಅದರ ನೆತ್ತಿಯ ಮೇಲೆ ಬಂದು ಕುಳಿತಾಗಲೇ ಅದು ಒಣಗಿದ ಮೋಟುಮರವೆಂದು ತಿಳಿಯಿತು! ಎಲ್ಲರೂ ಗೊಳ್ಳೆಂದು ನಕ್ಕರು. ಒಡನೆಯೇ ಹೆಬ್ಬಾತುಗಳ ಹಿಂಡು ಕತ್ತೆತ್ತಿ ನೋಡಿ, ನಡುನೀರಿಗೆ ಸರಿಯಿತು.

“ರಾತ್ರಿ ಹೊಲಗಳಲ್ಲಿ ಮೇದು, ಹಗಲು ಇಲ್ಲಿ ವಿಶ್ರಮಿಸುವ ಅತಿಥಿಗಳವು. ಮೋಟುಮರಕ್ಕೆ ಸಲ್ಲಿಸಿದ ಮೌನವನ್ನು ಹಕ್ಕಿಗಳಿಗೂ ಸಲ್ಲಿಸಿರಿ,” ಎಂದರು ಗುರುಗಳು.

ಮಕ್ಕಳು ಸುಮ್ಮನಾದರು. ಹೆಬ್ಬಾತುಗಳು ಮೆಲ್ಲನೆ ದಡದತ್ತ ತೇಲಿಬಂದವು.