ಜೋರು ಉಸಿರಾಟ ಮಾಡಿ ನೀರಿಗಿಳಿಯಬಹುದೇ?

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ 24 ವರ್ಷ. ವಿಮ್ ಹಾಫ್ ಎಂಬುವರ ವಿಡಿಯೊ ನೋಡಿ ದಿನಾ ಬೆಳಿಗ್ಗೆ ಮೂವತ್ತು-ನಲವತ್ತು ಸಲ ಜೋರಾಗಿ ಉಸಿರಾಡಿ, ಆಮೇಲೆ ಉಸಿರು ತಡೆದು ಕೂರುತ್ತಾನೆ. ಕೈಬೆರಳು ಜುಮುಗುಟ್ಟಿ ಸೆಟೆದುಕೊಳ್ಳುತ್ತವಂತೆ. 'ಮೈಯಲ್ಲಿ ಆಕ್ಸಿಜನ್ ಜಾಸ್ತಿಯಾದಾಗ ಹಾಗೇ ಕಣಮ್ಮಾ' ಅನ್ನುತ್ತಾನೆ. ಇನ್ನು ಈಜುಕೊಳದಲ್ಲೂ ಮಾಡುತ್ತಾನಂತೆ. ಬಿ.ಪಿ. ಇರುವ ಅವನ ಅಜ್ಜಿಗೂ ಕಲಿಸಲು ಹೊರಟಿದ್ದಾನೆ.
- ಒಬ್ಬ ತಾಯಿ, ಹಾಸನ

ಉತ್ತರ: ಈಜುಕೊಳದಲ್ಲಿ ಬೇಡವೇ ಬೇಡಮ್ಮ. ಇವತ್ತೇ ಹೇಳಿಬಿಡಿ.

ಆರೋಗ್ಯವಂತರ ರಕ್ತದಲ್ಲಿ ಆಕ್ಸಿಜನ್ ಮಟ್ಟ ಮಾಮೂಲಿಯಾಗೇ ಶೇ. 95ರ ಮೇಲಿರುತ್ತದೆ. ಎಷ್ಟು ಜೋರಾಗಿ ಉಸಿರಾಡಿದರೂ ಅದು ಹೆಚ್ಚುವುದು ಅಷ್ಟಕ್ಕಷ್ಟೇ. ಕಡಿಮೆಯಾಗುವುದು ಕಾರ್ಬನ್ ಡೈಆಕ್ಸೈಡ್. ಅದು ಇಳಿದರೆ ರಕ್ತದ ಕ್ಷಾರಗುಣ ಏರುತ್ತದೆ, ನರಗಳನ್ನು ಹಿಡಿತದಲ್ಲಿಡುವ ಕ್ಯಾಲ್ಸಿಯಂ ಅಂಶ ತಗ್ಗುತ್ತದೆ. ಬೆರಳು ಸೆಟೆಯುವುದು ಅದಕ್ಕೇ. ಮಿದುಳಿನ ರಕ್ತನಾಳಗಳೂ ಕಿರಿದಾಗುತ್ತವೆ. ತಲೆ ಹಗುರವೆನಿಸುವುದು ಮಿದುಳಿಗೆ ರಕ್ತ ಕಡಿಮೆ ಹೋಗುವುದರಿಂದ. ನಿಮ್ಮ ಮಗ ತಿಳಿದಿರುವುದು ತಿರುಗುಮುರುಗು.

ಇನ್ನು ಅಪಾಯದ ವಿಷಯ. 'ಉಸಿರು ಬೇಕು' ಎಂಬ ಚಡಪಡಿಕೆ ಹುಟ್ಟಿಸುವುದು ಮುಖ್ಯವಾಗಿ ಕಾರ್ಬನ್ ಡೈಆಕ್ಸೈಡ್ ಏರಿಕೆ. ಮೊದಲೇ ಅದನ್ನು ಹೊರಹಾಕಿ ಉಸಿರು ಕಟ್ಟಿದರೆ ಚಡಪಡಿಕೆ ತಡವಾಗುತ್ತದೆ. ಅಷ್ಟರಲ್ಲಿ ಆಕ್ಸಿಜನ್ ಇಳಿದು, ಏನೂ ಸೂಚನೆಯಿಲ್ಲದೆ ಪ್ರಜ್ಞೆ ತಪ್ಪಬಹುದು. ಚಾಪೆಯ ಮೇಲಾದರೆ ಉಸಿರಾಟ ತಾನಾಗಿ ಶುರುವಾಗಿ ಎಚ್ಚರಾಗುತ್ತದೆ. ನೀರಿನಲ್ಲಿ ಆ ಮೊದಲ ಉಸಿರಿಗೇ ನೀರು ಒಳಗೆ ಹೋಗುತ್ತದೆ. ಒಳ್ಳೆಯ ಈಜುಗಾರರೂ ಹೀಗೆ ಸತ್ತಿದ್ದಾರೆ.

ಹಾಗೆಂದು ಇದೆಲ್ಲ ಬರೀ ಬೊಗಳೆಯಲ್ಲ. ನೆದರ್‌ಲ್ಯಾಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಿಮ್ ಹಾಫ್ ವಿಧಾನ ಕಲಿತ ಆರೋಗ್ಯವಂತ ಗಂಡಸರಿಗೆ ಬ್ಯಾಕ್ಟೀರಿಯಾದ ವಿಷಾಂಶ ಚುಚ್ಚಿದಾಗ ಅಡ್ರಿನಲಿನ್ ಏರಿತ್ತು. ಕಲಿಯದವರಿಗಿಂತ ಉರಿಯೂತವೂ ಜ್ವರದ ತೊಂದರೆಯೂ ಕಡಿಮೆಯಿತ್ತು. ಕುತೂಹಲದ ಸಂಗತಿ, ಸರಿ. ಆದರೆ ವೈದ್ಯರ ಕಣ್ಗಾವಲಿನಲ್ಲಿ ಕೆಲವೇ ಜನರ ಮೇಲೆ ನಡೆದದ್ದು. ಅದನ್ನು ಹಿಡಿದುಕೊಂಡು ಕ್ಯಾನ್ಸರ್ ವಾಸಿಯಾಗುತ್ತದೆ ಎನ್ನುವವರನ್ನು ನಂಬಬೇಡಿ. ಭ್ರಮೆ ಹುಟ್ಟಿಸುವ ಮಾದಕವಸ್ತು ಎಲ್‌ಎಸ್‌ಡಿಗೆ ನಿಷೇಧ ಬಿದ್ದ ಮೇಲೆ ಮನೋವೈದ್ಯ ಸ್ಟಾನಿಸ್ಲಾವ್ ಗ್ರಾಫ್ 1970ರ ದಶಕದಲ್ಲಿ 'ಅಧ್ಯಾತ್ಮ ಅನುಭವ'ಕ್ಕೆ ಹಿಡಿದದ್ದೂ ಇದೇ ವೇಗದ ಉಸಿರಿನ ದಾರಿ. ಕಂಡದ್ದು ದೇವರೋ ಮಿದುಳಿನ ರಕ್ತದ ಕೊರತೆಯೋ, ನಾನು ಪಂಚಾಯ್ತಿಗೆ ಕೂರುವುದಿಲ್ಲ. ಮೂರ್ಛೆರೋಗ, ಹೃದ್ರೋಗ ಇರುವವರು ಮತ್ತು ಗರ್ಭಿಣಿಯರು ಮಾತ್ರ ಇದರ ತಂಟೆಗೆ ಹೋಗಬಾರದು.

ಮಗ ಮಾಡಲೇಬೇಕೆಂದರೆ ಒಣ ನೆಲದಲ್ಲಿ, ಮಲಗಿಕೊಂಡು, ಪಕ್ಕದಲ್ಲಿ ಯಾರಾದರೂ ಇದ್ದಾಗ ಮಾಡಲಿ. ಬೆರಳು ಸೆಟೆದರೆ ನಿಲ್ಲಿಸಿ ಮಾಮೂಲಿಯಾಗಿ ಉಸಿರಾಡಲಿ.

ಅಜ್ಜಿಗೆ ಇದು ಬೇಡ, ಪ್ರಾಣಾಯಾಮದ ಭಸ್ತ್ರಿಕಾ, ಕುಂಭಕವೂ ಬೇಡ. ಜಪ ಮಾಡುತ್ತಾರಾ? ಹಾಗಾದರೆ ಹೊಸದೇನೂ ಕಲಿಯಬೇಕಿಲ್ಲ. ಜಪಮಾಲೆ ಹಿಡಿದು ಲ್ಯಾಟಿನ್ ಪ್ರಾರ್ಥನೆ ಹೇಳಿದರೂ 'ಓಂ ಮಣಿ ಪದ್ಮೇ ಹೂಂ' ಎಂದರೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿದು, ರಕ್ತದೊತ್ತಡ ಹತೋಟಿಯ ನರವ್ಯವಸ್ಥೆ ಚುರುಕಾಗುವುದನ್ನು ಇಟಲಿಯ ಲುಚಿಯಾನೊ ಬರ್ನಾರ್ಡಿ ತಂಡ 2001ರಲ್ಲಿ ತೋರಿಸಿದೆ. ಬಿ.ಪಿ. ಮಾತ್ರೆ ಮಾತ್ರ ತಪ್ಪಿಸಬಾರದು.